ಕೇಳದೆ ಬಿಟ್ಟ ಎರಡು ನಿಮಿಷ

"ಅಯ್ಯೋ, ಆ ಕಡೆ ಅಲ್ಲ...! ಈ ಕಡೆ! ಶಾಲೆ ಕಡೆ ಬನ್ನಿ...!"

ಧನ್ಯಶ್ರೀ ಮೈಕ್ ಹಿಡಿದು ಕಿರುಚಿದಳು. ಕೇಳುವವರು ಯಾರು? ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನ ಸೈರನ್ ಕೂಗುತ್ತಲೇ ಇತ್ತು. ಕೇರಿಯ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ, ಮೀನಿನ ಹೆಡಿಗೆಗಳನ್ನು ತಲೆಯ ಮೇಲಿಟ್ಟುಕೊಂಡು ಸೀದಾ ಸಮುದ್ರದ ಕಡೆಗೆ ಓಡುತ್ತಿದ್ದರು!

ಕಡಲು ಉಕ್ಕಿ ಬಂದರೆ ಜನ ಹೇಗೆ ಪಾರಾಗಬೇಕು ಎಂಬುದರ ಅಣಕು ಕಾರ್ಯಾಚರಣೆ ಅದು. ಸೈರನ್ ಆದ ಕೂಡಲೇ ಎಲ್ಲರೂ ದಿಬ್ಬದ ಮೇಲಿನ ಶಾಲೆಗೆ ಹೋಗಬೇಕು ಎಂದು ಪಂಚಾಯಿತಿಯ ಸ್ವಯಂಸೇವಕಿ ಧನ್ಯಶ್ರೀ ಮೂರು ದಿನ ರಿಕ್ಷಾದಲ್ಲಿ ಮೈಕ್ ಕಟ್ಟಿ ಸಾರಿದ್ದಳು. ಆದರೆ ಮೀನು ತುಂಬಿದ ಬೋಟು ಬಂದಾಗಲೆಲ್ಲ ಕೂಗುವುದೂ ಅದೇ ಸೈರನ್ನು. ಅದು ಕಿವಿಗೆ ಬಿದ್ದರೆ ಸಾಕು, ಆ ಹೆಂಗಸರ ಕಾಲು ತಾನಾಗಿ ಬೋಟು ನಿಲ್ಲುವ ದಕ್ಕೆಗೆ ಓಡುತ್ತದೆ.

ಎಲ್ಲರಿಗಿಂತ ಮುಂದೆ ಓಡಿ ಬಂದವಳು ಯಾರೆಂದುಕೊಂಡಿರಿ? ಧನ್ಯಶ್ರೀಯ ಸ್ವಂತ ತಾಯಿ, ಬೇಬಿ!

"ಅಮ್ಮಾ... ನೀನೂವಾ?!"

"ಬೋಟ್ ಎಲ್ಲಿತ್ ಮಗಾ? ಬಂಗ್ಡೆ ಬಂತಾ?"

ಧನ್ಯಶ್ರೀಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಗಲೇ ಹಿಂದಿನಿಂದ ಯಾರೋ ನಕ್ಕಿದ್ದು ಕೇಳಿಸಿತು. ತಿರುಗಿದಳು. ಮೊಣಕಾಲಿನವರೆಗೆ ಒದ್ದೆ ಪ್ಯಾಂಟು, ಹೆಗಲ ಮೇಲೆ ಗೋಣಿಚೀಲ, ಮುಖದ ತುಂಬ ನಗು.

"ನಾನ್ ಮೊದ್ಲೇ ಹೇಳಿದ್ದೆ ಅಲ್ದಾ ಮೇಡಂ, ಈ ಸೈರನ್ ಬ್ಯಾಡ ಅಂದ್ ಹೇಳಿ?"

"ಯಾರ್ ನೀವ್?"

"ರವಿರಾಜ್. ಐಸ್ ಪ್ಲಾಂಟ್ ನಡ್ಸುದ್ ನಾನೇ. ಮೂರ್ ನಿಮಿಷದ್ ವಾಯ್ಸ್ ಮೆಸೇಜ್ ಹಾಕಿದ್ದೆ. ಕೇಣ್ಲಿಲ್ಯಾ?"

ಕೇಳಿರಲಿಲ್ಲ. ಗುರುತಿಲ್ಲದವನ ಮೂರು ನಿಮಿಷದ ಮಾತು ಕೇಳಲು ಯಾರಿಗೆ ಪುರಸೊತ್ತು? ಅವನೆದುರೇ ಫೋನ್ ತೆಗೆದು ಆ ಮೆಸೇಜ್ ಹಾಕಿದಳು.

*"ಹ್ವಾಯ್ ಮೇಡಂ, ಈ ಸೈರನ್ ಹಾಕ್ರೆ ಹೆಂಗಸ್ರೆಲ್ಲ ದಕ್ಕೆಗೇ ಓಡ್ತ್ರ್, ಶಾಲಿಗ್ ಬತ್ತಿಲ್ಲ..."* ಹೀಗೆ ಒಂದು ನಿಮಿಷ ಹೋಯಿತು. ಆಮೇಲೆ, *"ನೀವ್ ಪುಸ್ತಕ ಓದಿ ಮೀನ್ ಹಿಡುಕೆ ಹೊರ್ಟಂಗಿತ್ ಕಾಣಿ..."*

ಪಟ್ಟನೆ ನಿಲ್ಲಿಸಿದಳು. ಮುಖ ಕೆಂಪಾಗಿತ್ತು.

"ಮುಂದೆ ಕೇಣಿ ಮೇಡಂ..."

"ಎಂತದೂ ಬ್ಯಾಡ! ನಗಾಡುಕೆ ನಿಮ್ಗೆ ನಾನೇ ಸಿಕ್ಕದ್ದಾ?"

ಅವಳ ಕಣ್ಣು ತುಂಬಿತ್ತು. ಅವನ ನಗು ಅಲ್ಲಿಗೇ ನಿಂತಿತು. ಆದರೆ ಅವಳು ಹೊರಟೇ ಹೋಗಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು ನೋಡಿ. ಹೋದ ಮಳೆಗಾಲದಲ್ಲಿ ನೀರು ಕೇರಿಗೆ ನುಗ್ಗಿದಾಗ ಎಲ್ಲರೂ ಓಡಿದರು. ಬೇಬಿ ಮಾತ್ರ ಹೆಡಿಗೆ ತರುತ್ತೇನೆ ಎಂದು ಮನೆಗೆ ವಾಪಸು ಹೋದಳು! ಎದೆಮಟ್ಟದ ನೀರಿನಿಂದ ತಾಯಿಯನ್ನು ಜುಟ್ಟು ಹಿಡಿದು ಎಳೆದು ತಂದವಳು ಧನ್ಯಶ್ರೀ. 'ಮುಂದಿನ ಸಲ ನಾನು ಮನೆಯಲ್ಲಿ ಇಲ್ಲದಿದ್ದರೆ...?' ಈ ಒಂದು ಯೋಚನೆ ಅವಳಿಗೆ ನಿದ್ದೆ ಕೊಡುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮನೆಗೆ ಬಂದರೆ, ಜಗಲಿಯಲ್ಲಿ ಅದೇ ರವಿರಾಜ್! ಅಮ್ಮ ಅವನಿಗೆ ಚಾ ಬೇರೆ ಕೊಟ್ಟಿದ್ದಾಳೆ.

"ನನ್ ಹೆಡ್ಗಿ ಬಿಟ್ ನಾನ್ ಎಲ್ಲಿಗೂ ಬತ್ತಿಲ್ಲ, ಹೇಳಿದೆ," ಬೇಬಿ ಪಟ್ಟು ಹಿಡಿದಿದ್ದಳು.

"ಮೂವತ್ ವರ್ಷ ಹೊತ್ತದ್. ಬಿಡುದ್ ಎಂತಕೆ ಬೇಬಕ್ಕ? ಹೆಡ್ಗಿ ತಕಂಡೇ ಬನ್ನಿ. ರೇಷನ್ ಕಾರ್ಡ್, ಬಿ.ಪಿ. ಮಾತ್ರೆ, ಟಾರ್ಚ್, ಒಂದ್ ಸೀರೆ, ಎಲ್ಲ ಅದ್ರಲ್ಲೇ ಹಾಕಿ ಬಾಗ್ಲ ಹತ್ರ ಇಡಿ. ಇದ್ಕೇ ಅಂದ್ ಪಂಚಾಯ್ತಿಯವ್ರ್ ಕೊಟ್ಟ ಬ್ಯಾಗ್ ಎಲ್ಲಿತ್?"

"ಹೊಸದ್ ಅಲ್ದಾ? ನಮ್ ವನಜನ ಮಗಳ ಮದಿಗೆ ಕೊಡುಕೆ ಎತ್ತಿಟ್ಟಿದೆ!"

ಧನ್ಯಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆರು ತಿಂಗಳಿಂದ 'ಹೆಡಿಗೆ ಬಿಡು, ಬ್ಯಾಗ್ ಹಿಡಿ' ಎಂದು ಗಂಟಲು ಹರಿದುಕೊಂಡವಳು ತಾನು. ಇವನು ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ಮುಗಿಸಿಬಿಟ್ಟ. ಹೊಟ್ಟೆ ಉರಿಯಿತು! ಜೊತೆಗೆ... ಏನೋ ಒಂದು ಸಮಾಧಾನವೂ ಆಯಿತು. ಅದನ್ನು ಅವಳು ಒಪ್ಪಲಿಲ್ಲ, ಅಷ್ಟೇ.

ಆಮೇಲೆ ಸೈರನ್ನಿನ ಉಪಾಯ ಕೈಬಿಟ್ಟರು. ಬಂಗುಡೆ ಬಂದ ಸುದ್ದಿಯನ್ನು ಹೆಂಗಸರು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿಸುತ್ತಾರೋ, ಅಪಾಯದ ಸುದ್ದಿಯೂ ಹಾಗೇ ಹೋಗಬೇಕು ಎಂದಾಯಿತು. ಯಾರು ಯಾರನ್ನು ಕರೆದು ತರಬೇಕು ಎಂದು ಧನ್ಯಶ್ರೀ ಪಟ್ಟಿ ಬರೆದು ಶಾಲೆಯ ಗೋಡೆಗೆ ಅಂಟಿಸಿದಳು. ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು. ರವಿರಾಜನ ಜೊತೆ ಮಾತ್ರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು.

ಮೇ ಕೊನೆಯ ವಾರ ಚಂಡಮಾರುತದ ಸುದ್ದಿ ಬಂತು. ಬರಲು ಇನ್ನೂ ಎರಡು ದಿನ ಇದೆ ಅಂದರು. ಅದು ಕೇಳಬೇಕಲ್ಲ! ಧನ್ಯಶ್ರೀ ಸಭೆಗೆಂದು ಕುಂದಾಪುರಕ್ಕೆ ಹೋದ ದಿನವೇ, ಮಟಮಟ ಮಧ್ಯಾಹ್ನ ಕಡಲು ಉಕ್ಕಿತು.

ಹೊಳೆಯಾಚೆ ಕಣ್ಣೆದುರಿಗೇ ಗಂಗೊಳ್ಳಿ. ಆದರೆ ದೋಣಿ ನಿಲ್ಲಿಸಿದ್ದರು. ಬಸ್ಸು ತ್ರಾಸಿ ಸುತ್ತಿ ಬರಬೇಕು. ದಾರಿಯಲ್ಲಿ ಮರ ಬಿದ್ದು ಅರ್ಧ ಗಂಟೆ ನಿಂತಿತು. ಅಮ್ಮನ ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. 'ಅಮ್ಮಾ, ಫೋನ್ ಎತ್ತು... ಒಂದು ಸಲ ಎತ್ತು ಮಾರಾಯ್ತಿ...!'

ಶಾಲೆಗೆ ಓಡಿ ಬಂದಾಗ ಕೇರಿಯೇ ಅಲ್ಲಿತ್ತು. ಸಾಲಾಗಿ ಹೆಡಿಗೆಗಳು. ಮೂಲೆಯ ಬೆಂಚಿನಲ್ಲಿ ಬೇಬಿ ಮಾತ್ರೆ ನುಂಗುತ್ತಾ ಕುಳಿತಿದ್ದಳು.

"ಫೋನ್ ಎಂತಕೆ ಎತ್ಲಿಲ್ಲ ಅಮ್ಮಾ?!" ಕೇಳುವಷ್ಟರಲ್ಲೇ ಧನ್ಯಶ್ರೀಗೆ ಅಳು ಬಂತು.

"ಹೆಡ್ಗಿ ಅಡಿಗೆ ಬಿದ್ದಿತ್. ಕೇಣ್ಲಿಲ್ಲ. ಎಂತಕೆ ಮರ್ಕುದ್? ನಾನ್ ಬಂದಿದೆ ಅಲ್ದಾ?"

ತಾಯಿಯನ್ನು ತಬ್ಬಿ ಅತ್ತಳು. ಕಣ್ಣೊರೆಸಿ ಪಟ್ಟಿ ಹಿಡಿದು ಹೆಸರು ಕರೆಯತೊಡಗಿದಳು. ಎಲ್ಲರೂ ಇದ್ದರು. ಕೊನೆಯ ಹೆಸರು, ರವಿರಾಜ್.

ತಲೆಯೆತ್ತಿ ಸುತ್ತ ನೋಡಿದಳು. ಅವನು ಕಾಣಲಿಲ್ಲ.

"ಅವ ಪ್ಲಾಂಟಲ್ಲೇ ಇದ್ದ. ನೀರ್ ಒಳ್ಗ್ ಬಪ್ಪುಕ್ ಮುಂಚೆ ಅಮೋನಿಯಾ ಗ್ಯಾಸ್ ಬಂದ್ ಮಾಡ್ಕ್, ಇಲ್ದಿರೆ ಇಡೀ ಕೇರಿಗೆ ತೊಂದ್ರೆ ಅಂದ," ಎಂದಳು ಬೇಬಿ.

ಧನ್ಯಶ್ರೀ ಪಟ್ಟಿ ನೋಡಿದಳು. ಎಲ್ಲರ ಮುಂದೆಯೂ ಇನ್ನೊಬ್ಬರ ಹೆಸರಿತ್ತು. ರವಿರಾಜನ ಮುಂದೆ ಖಾಲಿ. ಅವನನ್ನು ಕರೆದು ತರಬೇಕಾದವರು ಯಾರೂ ಇರಲಿಲ್ಲ. 'ಇದನ್ನು ಬರೆದವಳು ನಾನೇ... ಎಂಥ ಕೆಲಸ ಮಾಡಿದೆ!'

ಫೋನ್ ಮಾಡಿದರೆ ಸ್ವಿಚ್ ಆಫ್. ಬೆರಳು ಆ ಹಳೆಯ ಮೆಸೇಜಿನ ಮೇಲೆ ಬಿತ್ತು. ಕೇಳದೆ ಬಿಟ್ಟ ಎರಡು ನಿಮಿಷ...

*"...ಸಿಟ್ ಮಾಡ್ಕಣ್ಬೇಡಿ. ಹೋದ್ ವರ್ಷ ನೀವ್ ಅಮ್ಮನ್ನ ನೀರಿಂದ ಎಳ್ಕಂಡ್ ಬಪ್ಪುದ್ ನಾನ್ ಪ್ಲಾಂಟಿನ ಮಾಡಿನ ಮೇಲಿಂದ ಕಂಡಿದೆ. ನಂಗೆ ಇಳ್ದ್ ಬಪ್ಪುಕೆ ಆಯ್ಲಿಲ್ಲ, ಸುತ್ತ ನೀರ್. ಆವತ್ತಿಂದ ನಿಮ್ಮತ್ರ ಮಾತಾಡ್ಕ್ ಅಂದ್ ಹೇಳಿ ಇದ್ದೆ... ಧೈರ್ಯ ಇಲ್ಲ. ಈ ಕೆಲ್ಸದಲ್ಲಾದ್ರೂ ನಿಮ್ ಸಂಗ್ತಿಗೆ ನಾನಿರ್ತೆ. ಆತಾ ಮೇಡಂ?"*

ಒಂದು ವರ್ಷ! ಅವನು ಒಂದು ವರ್ಷ ಕಾದಿದ್ದ. ತಾನು ಎರಡು ನಿಮಿಷ ಕಾಯಲಿಲ್ಲ.

ಛತ್ರಿಯನ್ನೂ ಹಿಡಿಯದೆ ಮೆಟ್ಟಿಲು ಇಳಿದಳು. ಗೇಟಿನ ಹತ್ತಿರ ನೀರು ಸೋರುತ್ತಾ, ಕೆಮ್ಮುತ್ತಾ ಎದುರಿಗೆ ಬಂದವನು ಅವನೇ.

"ಎಲ್ಲಿಗೆ ಹೊರ್ಟದ್ ಮೇಡಂ? ಪಟ್ಟಿಯಲ್ಲಿ ಹೊರಗ್ ಹೋಪುಕಿಲ್ಲ ಅಂದ್ ನೀವೇ ಬರ್ದಿರಿ ಅಲ್ದಾ?"

"ಎಷ್ಟ್ ಹೊತ್ತ್ ನಿಮ್ದ್?! ಸತ್ ಹೋಯಿರೆ ನಾನ್ ಎಂತ ಮಾಡ್ಕಿತ್ತ್?!"

ಕೂಗಿದವಳು ಬಿಕ್ಕತೊಡಗಿದಳು. ರವಿರಾಜ್ ಒಂದು ಹೆಜ್ಜೆ ಮುಂದೆ ಬಂದ.

"ಮೆಸೇಜ್ ಪೂರಾ ಕೇಂಡ್ರ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವನ ಕೈ ಹಿಡಿದು ಗೋಡೆಯ ಪಟ್ಟಿಯ ಹತ್ತಿರ ಎಳೆದು ತಂದಳು. ಸೊಂಟದಿಂದ ಪೆನ್ನು ತೆಗೆದು, ಅವನ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಬರೆದಳು: ಧನ್ಯಶ್ರೀ.

"ಇದ್ ಮಳೆಗಾಲ ಮುಗಿವರಿಗಾ?" ಅವನು ಮೆಲ್ಲಗೆ ಕೇಳಿದ.

"ಪೆನ್ನಲ್ ಬರ್ದದ್ ಕಾಂತಿಲ್ಯಾ?" ಎಂದಳು ಅವಳು. "ಅಳಿಸ್ರೆ ಹೋತಿಲ್ಲ."