ಗುಹೆಯಿಂದ ಬಂದ ಹುಳಿಹಿಟ್ಟು

"ಅಯ್ಯೋ ದೇವಮಾತೆ, ಒಂದು ಹಿಡಿ ಎತ್ತಿಡೋದನ್ನೂ ಮರೆತೆನಾ ನಾನು?"

ಅಡಿಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬರಿದಾದ ಬೋಗುಣಿಯ ಮುಂದೆ ಅರ್ಗಿರೋ ಕುಸಿದು ಕುಳಿತಳು. ಸೇತುವೆಯ ಕಮಾನು ಕಟ್ಟುವಾಗ ಬಿದ್ದು ತೀರಿಕೊಂಡ ಗಂಡ ಲಾಂಬ್ರೋಸನ ನಲವತ್ತನೆಯ ದಿನ ನಾಳೆ. ಇಗರ್ಜಿಗೆ ಒಪ್ಪಿಸುವ ರೊಟ್ಟಿಯನ್ನು ಅಳುತ್ತಳುತ್ತಲೇ ನಾದಿದವಳು ಇದ್ದ ಹಿಟ್ಟನ್ನೆಲ್ಲ ಒಲೆಗೆ ಹಾಕಿಬಿಟ್ಟಿದ್ದಳು. ಮುಂದಿನ ರೊಟ್ಟಿ ಉಬ್ಬಿಸಲು ಹೆಪ್ಪಿನಂತೆ ಎತ್ತಿಡಬೇಕಾದ ಹುಳಿಹಿಟ್ಟಿನ ಚೂರೂ ಉಳಿದಿರಲಿಲ್ಲ!

ಅದೇನು ಸಾಮಾನ್ಯ ಹಿಟ್ಟೇ? ಝಗೋರಿ ಬೆಟ್ಟಗಳ ಆ ಊರಿನಲ್ಲಿ ಎಲ್ಲರೂ ಶಿಲುಬೆಯ ಹಬ್ಬದಂದು, ಪಾದ್ರಿ ಹರಸಿ ಕೊಟ್ಟ ಕಾಮಕಸ್ತೂರಿಯ ಕುಡಿಯನ್ನು ಹಿಟ್ಟಿನ ಮೇಲಿಟ್ಟು ವರ್ಷವರ್ಷವೂ ಹೊಸ ಹುಳಿ ಎಬ್ಬಿಸುವವರೇ. ಈ ಮನೆಯದು ಮಾತ್ರ ಮುತ್ತಜ್ಜಿಯ ಕಾಲದ್ದು. ಯುದ್ಧಕಾಲದಲ್ಲಿ ಜರ್ಮನರು ಊರು ಸುಟ್ಟಾಗ ಅತ್ತೆ ಪೊಲಿಕ್ಸೇನಿ ಅದನ್ನು ಎದೆಗವುಚಿಕೊಂಡು ಗುಹೆ ಸೇರಿದ್ದಳೆಂದು ಊರೇ ಹಾಡಿ ಹೊಗಳುತ್ತಿತ್ತು.

ನಲವತ್ತರ ಪೂಜೆಗೆಂದು ಬಂದಿದ್ದ ನಾದಿನಿ ಸ್ತಮಾತಾ ಬೋಗುಣಿಗೆ ಇಣುಕಿದಳು.

"ಭಲೇ ಅತ್ತಿಗೆ! ಜರ್ಮನ್ರ ಕೈಲೂ ಆಗದ್ದನ್ನ ನೀನು ಮಾಡಿಬಿಟ್ಟೆ. ಅಮ್ಮಾ, ಬಾ ಇಲ್ಲಿ! ಮಕ್ಕಳಿಲ್ಲ, ಮರಿಯಿಲ್ಲ... ಈಗ ಹುಳಿಹಿಟ್ಟೂ ಇಲ್ಲ. ಇವಳನ್ನ ಇನ್ನೂ ಯಾಕೆ ಇಟ್ಕೊಂಡಿದೀಯ? ತವರಿಗೆ ಕಳಿಸು!"

ಪೊಲಿಕ್ಸೇನಿ ಬಂದಳು. ಏಳು ವರ್ಷಗಳಲ್ಲಿ ಸೊಸೆಗೆ ಒಂದು ಒಳ್ಳೆಯ ಮಾತಾಡಿದ ಬಾಯಲ್ಲ ಅದು. ಅರ್ಗಿರೋ ಅವಳ ಕೈಹಿಡಿದು ಕಣ್ಣಿಗೊತ್ತಿಕೊಂಡಳು. "ತಪ್ಪಾಯ್ತು ಅತ್ತೆ... ಪೂಜೆ ಮುಗಿಸಿ ಹೊರಟುಹೋಗ್ತೀನಿ..."

ಮುದುಕಿ ಒಲೆಯೊಳಗೆ ಬಗ್ಗಿ ನೋಡಿದಳು. "ರೊಟ್ಟಿ ಚೆನ್ನಾಗಿ ಉಬ್ಬಿದೆ" ಎಂದಳು. ಆಮೇಲೆ ಮಗಳತ್ತ ತಿರುಗಿದಳು.

"ಗುಹೆಯಲ್ಲಿ ಆರನೇ ದಿನ ನನ್ನ ಎದೆಹಾಲು ಬತ್ತಿತ್ತು, ಸ್ತಮಾತಾ. ಅಳೋಕೂ ತ್ರಾಣ ಇಲ್ದೆ ಬಿದ್ದಿದ್ದೆ ನೀನು. ಆ ಹಿಟ್ಟನ್ನ ಕಾದ ಕಲ್ಲಿನ ಮೇಲೆ ಸುಟ್ಟು ನಾನೇ ತಿಂದೆ... ನಿನಗೆ ಹಾಲು ಬಂತು. ಊರಿಗೆ ತಂದದ್ದು ಹಿಟ್ಟು ಸುತ್ತಿದ್ದ ಖಾಲಿ ಬಟ್ಟೆ ಕಣೇ! ಶಿಲುಬೆಯ ಹಬ್ಬಕ್ಕೆ ಎಲ್ಲರ ಹಾಗೆ ನಾನೂ ಹೊಸದು ಎಬ್ಬಿಸಿದೆ. ನಮ್ಮತ್ತೆಗೆ ಗೊತ್ತಿತ್ತು. ಸಾಯೋವರೆಗೂ ಬಾಯಿ ಬಿಡಲಿಲ್ಲ ಆ ಮಹಾತಾಯಿ. ನಾನು ಮಾತ್ರ ಆ ಸುಳ್ಳನ್ನೇ ಹೊದ್ದುಕೊಂಡು ಮೆರೆದೆ..."

ಪೊಲಿಕ್ಸೇನಿ ಗೋಡೆಯಿಂದ ಮರದ ಅಚ್ಚನ್ನು ಇಳಿಸಿದಳು. ಪವಿತ್ರ ರೊಟ್ಟಿಗೆ ಮುದ್ರೆಯೊತ್ತುವ ಆ ಅಚ್ಚು ಯಾರ ಕೈಯಲ್ಲಿರುವುದೋ ಅವಳೇ ಮನೆಯೊಡತಿ. ಅದನ್ನು ಸೊಸೆಯ ಹಿಟ್ಟು ಮೆತ್ತಿದ ಅಂಗೈಯಲ್ಲಿಟ್ಟಳು.

"ಹಬ್ಬಕ್ಕೆ ಹತ್ತು ದಿನ ಇದೆ. ಕಾಮಕಸ್ತೂರಿ ನೀನೇ ತರಬೇಕು, ಮಗಳೇ."

ಸ್ತಮಾತಾಳ ಕಣ್ಣು ತುಂಬಿತು. "ಹೆತ್ತ ಮಗಳು ನಾನಿಲ್ವಾ? ಅಚ್ಚು ನನಗೆ ಕೊಡಮ್ಮಾ..."

"ಕೊಡಲ್ಲ."