ಸಂತೆ ದಿನದ ಮೂರನೇ ಕುರ್ಚಿ

"ಆ ಕುರ್ಚಿ ಮ್ಯಾಲ ಕುಂದರಬ್ಯಾಡ್ರಿ!"

ಅರ್ಧ ಬಾಗಿದ್ದ ಇಷ್ರತ ಬೆಚ್ಚಿ ಸರಿದು ನಿಂತಳು. ಕಂಪ್ಯೂಟರಿನಿಂದ ಮುಖ ಎತ್ತಿದ ಹುಡುಗನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಏನೋ ಬಚ್ಚಿಟ್ಟವರಿಗೆ ಆಗುತ್ತದಲ್ಲ, ಅಂಥ ಗಾಬರಿ!

ಇವನೇ ಇಲಿಯಾಸ. ಗಜೇಂದ್ರಗಡದ ಸಂತೆ ರಸ್ತೆಯ ಈ ಸೈಬರ್ ಕೆಫೆಯ ಮಾಲೀಕ. ಎರಡು ತಿಂಗಳ ಹಿಂದೆ ಇವನ ತಾಯಿ ರೋಣಕ್ಕೆ ಬಂದು ಇಷ್ರತಳನ್ನು ನೋಡಿ ಒಪ್ಪಿ ಹೋಗಿದ್ದರು. ಇವನು ಮಾತ್ರ ಅವಳನ್ನು ಕಂಡಿರಲಿಲ್ಲ. ಅವಳ ಬಳಿ ಇವನದೊಂದು ಫೋಟೋ ಇತ್ತು... ಅವಳು ಕಲಿಸುವ ಎಂಟನೇ ತರಗತಿಯ ವಿಜ್ಞಾನ ಪುಸ್ತಕದ ನಡುವೆ!

"ಯಾಕ್ರಿ? ಯಾರರ ಬರೂವರದಾರೇನು?"

"ಹೌದ್ರಿ. ಸಂತಿ ದಿನ ಮೂರಕ್ಕ ಒಬ್ಬರು ಬರ್ತಾರ. ಅದು ಅವರ ಜಾಗಾ."

"ಯಾರು?"

"ಅದನ್ನ ಹೇಳಾಕ ಬರೂದಿಲ್ರಿ... ಮಾತು ಕೊಟ್ಟೀನಿ."

ಇಷ್ರತ ಆ ಕುರ್ಚಿಯನ್ನೇ ನೋಡಿದಳು. ಪಕ್ಕದಲ್ಲಿದ್ದ ನಾಗರತ್ನಾ ಮೆಲ್ಲಗೆ ಚಿವುಟಿದಳು. ಇಬ್ಬರೂ ರೋಣದ ಒಂದೇ ಹೈಸ್ಕೂಲಿನ ಟೀಚರುಗಳು.

"ಕೇಳಿದೇನವ್ವಾ? ಮಾತು ಕೊಟ್ಟಾನಂತ! ನಿನಗಿನ್ನೂ ಫೋಟೋ ಅಷ್ಟ ಕೊಟ್ಟಾನ."

"ಸುಮ್ಮನಿರ..."

ಕಾರಣ ಇಲ್ಲದೆ ಅವಳು ಇಲ್ಲಿಗೆ ಬಂದಿರಲಿಲ್ಲ. ಹೆಣ್ಣು ಕೊಡುವ ಮುಂಚೆ ಹುಡುಗನ ಊರಿಗೆ ಹೋಗಿ ಗುಟ್ಟಾಗಿ ವಿಚಾರಣೆ ಮಾಡುವುದು ಇವರ ಕಡೆಯ ಪದ್ಧತಿ. ಮಸೀದಿಯ ಹತ್ತಿರ, ಕಟಿಂಗ್ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ಒಂದು ಸಲ ಕೇಳಿದರೆ ಮುಗಿಯಿತು. ಆದರೆ ಗಾದಿ ಹೊಲಿಯುವ ಅವಳ ಅಬ್ಬಾ ಗೌಸುಸಾಬ ಒಂದಲ್ಲ, ಆರು ಸಂತೆ ವಿಚಾರಣೆಗೆ ಹೋಗಿದ್ದ! ಪ್ರತಿ ಸಲವೂ ಬಂದು ಟೋಪಿ ಗೂಟಕ್ಕೆ ಹಾಕಿ, "ಇನ್ನೊಂದ ಸಲ ನೋಡಿ ಬರ್ತೀನಿ" ಅನ್ನುತ್ತಿದ್ದ. ಬೇರೇನೂ ಹೇಳುತ್ತಿರಲಿಲ್ಲ. ಊಟಕ್ಕೆ ಕುಳಿತವನು ಒಮ್ಮೊಮ್ಮೆ ಎಲ್ಲೋ ನೋಡುತ್ತ, "ಇಷ್ರತ, ತೋಪಿನ ಬಾರೂದ ಮೊದಲ ಬಂತೋ, ಅಚ್ಚಿನ ಮಷೀನ ಮೊದಲ ಬಂತೋ?" ಎಂದು ಕೇಳುತ್ತಿದ್ದ.

'ಏನೋ ಕೆಟ್ಟದ್ದು ಕಂಡಾನ... ನನಗ ಹೇಳಾಕ ಆಗವಲ್ದು' ಎಂದು ಅವಳು ಒಳಗೇ ನವೆಯುತ್ತಿದ್ದಳು.

ಇತ್ತ ಹೊಳೆಆಲೂರಿನ ಇನ್ನೊಂದು ಸಂಬಂಧದವರು ಶುಕ್ರವಾರಕ್ಕೆ ಉತ್ತರ ಕೇಳಿದ್ದರು. ಅವರದು ಒಂದೇ ಷರತ್ತು: ಹುಡುಗಿ ಸಾಲಿ ನೌಕರಿ ಬಿಡಬೇಕು! ಇಲಿಯಾಸನ ಮನೆಯವರು ಮಾತ್ರ, ಕಲಿಸುವುದಾದರೆ ಕಲಿಸಲಿ ಎಂದಿದ್ದರು. ಅಷ್ಟೊಂದು ಒಳ್ಳೆಯ ಮಾತು... ಅದೂ ಸುಳ್ಳಿದ್ದರೆ? ಅಮ್ಮ ಲಾಲಬಿ, "ನಿಮ್ಮಪ್ಪ ಹೂಂ ಅನ್ನಲಿಲ್ಲಂದ್ರ ಹೊಳೆಆಲೂರಿಗೇ ಕೊಡೂದು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಇವತ್ತು ಮಂಗಳವಾರ, ಗಜೇಂದ್ರಗಡದ ಸಂತೆ. ಅಬ್ಬಾ ನರಗುಂದಕ್ಕೆ ಗಾದಿ ಕೊಡಲು ಹೋಗುತ್ತೇನೆಂದು ಹೇಳಿ ಹೊರಟಿದ್ದ. ಅವಳು ಅರ್ಧ ದಿನ ರಜೆ ಹಾಕಿ ತಾನೇ ಬಂದಿದ್ದಳು.

"ಒಂದು ರಜಾ ಅರ್ಜಿ ಟೈಪ್ ಮಾಡಿ ಕೊಡ್ರಿ" ಎಂದಳು, ನೆಪಕ್ಕೆ.

"ಕಾರಣ ಏನಂತ ಹಾಕಲಿ?"

"ಅದೊಂದು ಖಾಲಿ ಬಿಡ್ರಿ. ಆಮ್ಯಾಲ ಹೇಳ್ತೀನಿ."

ಅವನ ಬೆರಳು ಕೀಲಿಗಳ ಮೇಲೆ ಟಪಟಪ ಓಡಿದವು. ಅವಳ ಕಣ್ಣು ಮಾತ್ರ ಆ ಮೂರನೇ ಕಂಪ್ಯೂಟರಿನ ಮೇಲೇ! ಪರದೆಯ ಮುಕ್ಕಾಲು ಭಾಗ ಕಪ್ಪು. ನಡುವೆ ಒಂದು ಹೊಳೆ, ನಾಲ್ಕಾರು ಪುಟ್ಟ ಊರುಗಳು.

"ಅದೇನ್ರಿ?"

ಅಷ್ಟು ಕೇಳಿದ್ದೇ ತಡ, ಅರ್ಜಿ ಬಿಟ್ಟು ಇತ್ತ ತಿರುಗಿಬಿಟ್ಟ!

"ರಾಜ್ಯ ಕಟ್ಟೂ ಆಟರಿ. ಇಬ್ರು ಮಗ್ಗಲ ಮಗ್ಗಲ ಕುಂತು ಸರತಿ ಪ್ರಕಾರ ಆಡೂದು. ಎಲ್ಲಾರೂ ಮೊದಲ ದಂಡು ಕಟ್ತಾರ, ಅದು ತಪ್ಪು. ಮೊದಲ ಕಾಳಿನ ಗೋದಾಮು ಕಟ್ಟಬೇಕು. ಹಸದ ಊರಾಗ ಶಾಸ್ತ್ರ ಹುಟ್ಟೂದಿಲ್ಲ. ಆದ್ರ ಈ ಆಟದಾಗೂ ಒಂದು ಸುಳ್ಳೈತ್ರಿ! ಇಲ್ಲಿ ಒಂದು ಕಲತ ಮ್ಯಾಲ ಇನ್ನೊಂದು, ಮೆಟ್ಟಲ ಹತ್ತಿದಂಗ. ಖರೇ ಹಂಗ ಆಗತೈತೇನು? ಜಕ್ಕಲ್ಯಾಗ ನಮ್ಮ ಕಾಕಾನ ಮನಿಗೆ ಮೊಬೈಲ್ ಬಂತು, ಪಾಯಖಾನಿ ಇನ್ನೂ ಬಂದಿಲ್ಲ!"

ನಾಗರತ್ನಾ ಕಿಸಕ್ಕೆಂದಳು. ಇಷ್ರತಳಿಗೂ ನಗು ಬಂತು. ತಡೆದಳು. 'ಮಗ್ಗಲ ಮಗ್ಗಲ ಕುಂತು... ಯಾರ ಜೋಡಿ?'

"ನಿಮ್ಮ ಆಟದಾಗ ತಪ್ಪು ಮಾಡಿ ಏನರ ಕಂಡುಹಿಡಿತಾರೇನ್ರಿ?" ಎಂದು ಪಟ್ಟನೆ ಕೇಳಿದಳು.

"ಅಂದ್ರ?"

"ಪ್ರಯೋಗ ಕೆಟ್ಟು, ಬ್ಯಾರೆ ಏನೋ ಸಿಗತೈತಲ್ಲ... ಅರ್ಧಾ ವಿಜ್ಞಾನ ಹಂಗ ಬಂದೈತಿ."

ಇಲಿಯಾಸ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಏನೋ ಹೊಳೆದಂತೆ ಕಣ್ಣು ಅಗಲಿಸಿ, ತಕ್ಷಣ ಕೆಳಗೆ ಹಾಕಿದ.

"ಇಲ್ರಿ... ಸೋತಿದ್ದನ್ನ ಆಟ ಮಾಡಿದವರು ಲೆಕ್ಕಕ್ಕ ಹಿಡದ ಇಲ್ಲ" ಎಂದ ಮೆಲ್ಲಗೆ.

'ಯಾಕ ಹಂಗ ನೋಡಿದ? ಯಾಕ ಕಣ್ಣು ತಪ್ಪಿಸಿದ?' ಸಂಶಯ ಮತ್ತೆ ಹೆಡೆ ಎತ್ತಿತು.

ಗೋಡೆ ಗಡಿಯಾರದಲ್ಲಿ ಮೂರಕ್ಕೆ ಎರಡು ನಿಮಿಷ. ಇಲಿಯಾಸ ಎದ್ದು ಎರಡು ಚಹಾಕ್ಕೆ ಕೂಗಿ ಹೇಳಿದ. ಮೂರನೇ ಕುರ್ಚಿಯ ಮೇಲಿನ ಟವೆಲ್ ತೆಗೆದು, ಕೆಳಗಿದ್ದ ಪುಟ್ಟ ಗಾದಿಯನ್ನು ಜತನದಿಂದ ತಟ್ಟಿದ.

ಇಷ್ರತ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದಳು.

ಹಳದಿ ಬಟ್ಟೆ, ಬಿಳಿ ಚುಕ್ಕಿ. ಅದು ಅವಳ ಬಿ.ಎಡ್. ದಿನಗಳ ಚೂಡಿದಾರ! ಓರೆ ಹೊಲಿಗೆ, ನಾಲ್ಕು ಮೂಲೆಗೂ ಗಂಟು. ಆ ಕೈ ಯಾರದೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು.

'ನನ್ನ ಅರಿವಿ... ಇಲ್ಲಿ... ಹ್ಯಾಂಗ ಬಂತು?'

ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ನಾಗರತ್ನಾ ಅವಳನ್ನು ಪ್ಲೈವುಡ್ ಅಡ್ಡಗೋಡೆಯ ಹಿಂದೆ ಎಳೆದುಕೊಂಡಳು.

"ಏ ಇಲಿಯಾಸ! ನನ್ನ ಕುದುರಿ ದಂಡು ಹೊಳಿ ದಾಟಿತೋ ಇಲ್ಲೋ? ವಾರಿಡೀ ನಿದ್ದಿ ಬಂದಿಲ್ಲೋ ಮಾರಾಯಾ!"

ಇಷ್ರತ ಅಡ್ಡಗೋಡೆಯಿಂದ ಹೊರಗೆ ಬಂದಳು.

"ಅಬ್ಬಾ! ನರಗುಂದ ಇಷ್ಟು ಲಗೂ ಮುಗೀತೇನು?"

ಗೌಸುಸಾಬನ ಕೈಯಲ್ಲಿದ್ದ ಕೈಚೀಲ ಜಾರಿತು. ಪಿಂಜಿದ ಅರಳೆಯಂತೆ ಮುಖ ಬೆಳ್ಳಗಾಯಿತು.

"ಬೇಟಿ... ನೀ... ಇಲ್ಲಿ..."

"ಆರು ಸಂತಿ! ನಾ ಅಲ್ಲಿ ಸಂಕಟ ಪಟಗೋತ ಕುಂತೀನಿ. ನೀ ಇಲ್ಲಿ ಆಟ ಆಡಾಕತ್ತಿ?"

ಅಬ್ಬಾ ತನ್ನದೇ ಗಾದಿಯ ಮೇಲೆ ಕುಸಿದು ಕುಳಿತ.

"ವಿಚಾರಣಿಗೇ ಬಂದಿದ್ದೆ ಬೇಟಿ, ಅಲ್ಲಾನ ಆಣಿ! ಗಿರಾಕಿ ಥರಾ ಕುಂತೆ. ಕಂಪ್ಯೂಟರ್ ಕಲಸಪಾ ಅಂದೆ. ಇಂವಾ ಇದನ್ನ ಕಲಿಸಿದ. ಹುಡುಗ ಚಲೋ ಅದಾನ ಅಂತ ಮೊದಲನೇ ದಿನಾನ ಗೊತ್ತಾತು. ಆದ್ರ..."

"ಆದ್ರ?"

"ಹೂಂ ಅಂದ್ರ ಇಂವಾ ಅಳಿಯಾ ಆಗತಾನ. ಆಮ್ಯಾಲ ನಾ ಬಂದ್ರ ಎದ್ದು ನಿಂದ್ರತಾನ, ಸಲಾಂ ಹೊಡಿತಾನ, ತಲಿ ಎತ್ತಿ ಮಾತಾಡೂದಿಲ್ಲ. ಹಿಂಗ ಮಗ್ಗಲಿಗೆ ಕುಂತು ಜಗಳಾ ಆಡಾಕ ಎಲ್ಲಿ ಬರತೈತಿ? ಇದೊಂದು ಆಟ ಮುಗದಮ್ಯಾಲ ಹೇಳೂಣು ಅಂತ..."

ಇಷ್ರತಳ ಕಣ್ಣು ತುಂಬಿ ಬಂತು. ಆದರೂ ಒಳಗಿನ ಕೊನೆಯ ಮುಳ್ಳು ಬಿಡಲಿಲ್ಲ. ಇಲಿಯಾಸನತ್ತ ತಿರುಗಿದಳು.

"ಇವರು ಯಾರಂತ ನಿಮಗ ಗೊತ್ತಿತ್ತು, ಹೌದಲ್ಲ?"

"ಮೊದಲನೇ ದಿನಾನ. ಕೆಫೆಗೆ ಬಂದವರು ಕಂಪ್ಯೂಟರ್ ಬಿಟ್ಟು, ನಮಾಜು ಮಾಡ್ತೀಯೇನು, ಶೆರೆ ಕುಡಿತೀಯೇನು ಅಂತ ಯಾರು ಕೇಳ್ತಾರ್ರಿ? ಆಮ್ಯಾಲ ಅವರೂ ಒಪ್ಪಿಕೊಂಡು, ಯಾರಿಗೂ ಹೇಳಬ್ಯಾಡ ಅಂತ ಮಾತು ತಗೊಂಡ್ರು."

"ಅದಕ್ಕ ಆಟದಾಗ ಬೇಕಂತ ಸೋತು ಸೋತು ಅಬ್ಬಾನ ಖುಷಿ ಪಡಿಸಿದ್ರಿ. ಖರೇ ಯುದ್ಧ ಗೆದ್ರಿ!"

"ಸೋತು?" ಅಬ್ಬಾ ಸಿಡಿದೆದ್ದ. "ಈ ಬೇಮಾನ ನನಗ ಒಂದು ಊರರ ಬಿಟ್ಟುಕೊಟ್ಟಾನೇನು? ಐದು ಆಟದಾಗ ಐದೂ ಬಡದಾನ! ಮಾವ ಆಗೂವನ ಮುಂದೂ ಸುಳ್ಳು ಸೋಲಲಿಲ್ಲ. ಅದನ್ನ ನೋಡೇ ಒಪ್ಪೀನಿ ನಾ."

ನಾಗರತ್ನಾ ಬಾಯಿಗೆ ಸೆರಗು ಒತ್ತಿಕೊಂಡಳು. "ಬಾಬಾ, ನಿಮ್ಮ ಚಹಾ ಆರತೈತಿ. ಹೊರಗ ಬರ್ರಿ ಒಂದೀಟು."

ಕೋಣೆಯಲ್ಲಿ ಇಬ್ಬರೇ ಉಳಿದರು. ಫ್ಯಾನ್ ಗರಗರ ತಿರುಗುತ್ತಿತ್ತು.

"ನನ್ನ... ಯಾವಾಗ ಗುರತ ಹಿಡದ್ರಿ?" ನೆಲ ನೋಡುತ್ತ ಕೇಳಿದಳು.

"ತಪ್ಪು ಮಾಡಿ ಏನರ ಸಿಗತೈತೇನು ಅಂತ ಕೇಳಿದ್ರಲ್ಲ, ಆವಾಗ. ಗೌಸುಚಾಚಾ ಪ್ರತಿ ಸಂತಿಗೂ ಹೇಳ್ತಾರ, ನಮ್ಮ ಇಷ್ರತಗ ಏನು ಉತ್ತರ ಕೊಟ್ರೂ ಅದರಾಗಿಂದ ಇನ್ನೊಂದು ಪ್ರಶ್ನಿ ತಗಿತಾಳ ಅಂತ. ಒಂದೂವರಿ ತಿಂಗಳಾತು, ಆ ಪ್ರಶ್ನಿ ಕೇಳೂ ದನಿ ಹ್ಯಾಂಗಿರತೈತಿ ಅಂತ ಕಾಯಾಕತ್ತೀನ್ರಿ..."

"ಮತ್ತ ಯಾಕ ಹೇಳಲಿಲ್ಲ?"

"ವಿಚಾರಣಿ ಮಾಡಾಕ ಬಂದಿದ್ರಿ. ನಡುವ ಹ್ಯಾಂಗ ತಡೀಲಿ?"

ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಎಷ್ಟು ತಡೆದರೂ ನಿಲ್ಲಲಿಲ್ಲ.

"ಒಂದು ಮಾತು. ನಿಕಾಹ್ ಆದಮ್ಯಾಲೂ ಸಂತಿ ದಿನ ಮೂರಕ್ಕ ಆ ಕುರ್ಚಿ ಅಬ್ಬಾಂದ. ನೀವು ಎದ್ದು ನಿಂದ್ರಬಾರದು. ಜಗಳಾ ಆಡಬೇಕು."

"ಕಬೂಲ್ರಿ."

ನಿಕಾಹ್ ದಿನ ಹೇಳುವ ಆ ಶಬ್ದಕ್ಕೆ ಇಬ್ಬರ ಮುಖವೂ ಕೆಂಪಾಯಿತು. ಇಲಿಯಾಸ ಗಡಬಡಿಸಿ ಕಂಪ್ಯೂಟರಿನ ಕಡೆ ತಿರುಗಿದ.

"ನಿಮ್ಮ... ನಿಮ್ಮ ಅರ್ಜಿ ಅರ್ಧಾ ಉಳದೈತ್ರಿ. ರಜಾದ ಕಾರಣ ಖಾಲಿ ಐತಿ. ಏನಂತ ಹಾಕಲಿ?"

ಇಷ್ರತ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹಾಕ್ರಿ... ಸ್ವಂತ ಮದವಿ ಅಂತ."

ಟಪಟಪ ಓಡುವ ಆ ಬೆರಳುಗಳು ಅವತ್ತು ಎರಡು ಶಬ್ದ ಹೊಡೆಯಲು ಪೂರ್ತಿ ಎರಡು ನಿಮಿಷ ತೆಗೆದುಕೊಂಡವು!