ಭಟ್ಟಿ ಮರಳಿನ ಡಬ್ಬಿ

“ಈ ಸಲ ಐಸ್ ಬ್ಯಾಡ. ಕಾವು ಬೇಕು,” ಎಂದಳು ರೂಪಶ್ರೀ.

ಕಳೆದ ಸಲದ ಎಡವಟ್ಟು ಅವಳಿಗೂ ಸಹಸಂಶೋಧಕ ನೌಮಾನನಿಗೂ ಇನ್ನೂ ಚುಚ್ಚುತ್ತಿತ್ತು. ಹರಿಹರದಾಚೆ, ಹೊಳೆದಂಡೆಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯ ಹಿಂದೆ ತೌಡು ಹೊಟ್ಟಿನ ಗುಡ್ಡವೊಂದು ವರ್ಷಗಟ್ಟಲೆ ಒಳಗೊಳಗೇ ಬೇಯುತ್ತಿತ್ತು. ಕೈಯಿಟ್ಟರೆ ಬೊಬ್ಬೆ ಏಳುವ ಆ ಕಾವಿನಲ್ಲೇ ಹಾಯಾಗಿ ಬದುಕುವ ಸೂಕ್ಷ್ಮಜೀವಿ ಅಲ್ಲಿತ್ತು. ಅದರ ಕಿಣ್ವ ಸುಡುನೀರಲ್ಲೂ ಕೆಡದೆ ಬಟ್ಟೆಯ ಗಂಜಿ ಕರಗಿಸಬಹುದೆಂದು ರೂಪಶ್ರೀಗೆ ನಂಬಿಕೆ. ಆದರೆ ಮಾದರಿ ಎಂದರೆ ಐಸ್ ಪೆಟ್ಟಿಗೆ ಎನ್ನುವ ಹಾಳು ಅಭ್ಯಾಸ! ಕಾವಿಗೆ ಒಗ್ಗಿದ ಜೀವಕೋಶದ ಪೊರೆ ತಂಪಿಗೆ ಬಿಗಿದುಕೊಂಡು, ಒಂದು ಜೀವವೂ ಬದುಕಿ ಏಳಲಿಲ್ಲ. ನಾಳೆ ಹೊಳೆಯಾಚೆಯ ಕಡೆಯಿಂದ ಜೆಸಿಬಿ ಬಂದು ಗುಡ್ಡ ಸಾಫ್ ಮಾಡಲಿದೆ. ಇವತ್ತು ತಪ್ಪಿದರೆ ಅವಳ ಸಂಶೋಧನೆ ಅಲ್ಲಿಗೇ ಮುಗಿಯಿತು.

ಕಾವು ಉಳಿಸಲು ತಂದ ಫ್ಲಾಸ್ಕಿನ ಬಾಯಲ್ಲಿ ಮಾದರಿಯ ಬಾಟಲಿ ಹಿಡಿಸಲಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ನೌಮಾನನ ಚಿಕ್ಕಮ್ಮ, ಖಾಲಾ ದಿಲ್ಷಾದ್ ಬೇಗಂ, ಮಂಡಕ್ಕಿ ಅರಳಿಸುವ ಬಾಣಲೆಯ ಬಿಸಿ ಮರಳನ್ನೇ ಸ್ಟೀಲ್ ಡಬ್ಬಿಗೆ ಸುರಿದರು. ತಣ್ಣನೆ ಮರಳು ಬೆರೆಸಿ ಕಾವು ಹದ ಮಾಡಿ, ಗೋಣಿಚೀಲ ಸುತ್ತಿದರು.

“ಪಳಗಿದ ಮರಳು ಬೇಟಿ. ವಾಪಸ್ ತರ್ಬೇಕು ಮತ್ತ!”

ಈ ದಡದಿಂದ ಗಿರಣಿಗೆ ಹೋಗುವ ದಾರಿ ನೀರಲ್ಲಿ ಮುಳುಗಿತ್ತು. ತೆಪ್ಪದ ಬಕ್ಕೇಶ್ ಇಬ್ಬರನ್ನೂ ಹತ್ತಿಸಿಕೊಂಡ. ತುಂಗಭದ್ರೆ ಕೆಂಪಗೆ ಮೈತುಂಬಿ ಹರಿಯುತ್ತಿದ್ದಳು. ಅರ್ಧ ಮುಳುಗಿದ ಜಾಲಿಮರಗಳ ತುದಿಯಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಆಚೆ ದಡದಲ್ಲಿ ಕಪ್ಪು ಗುಡ್ಡ ಹಬೆಯಾಡುತ್ತಿತ್ತು.

ಸೊಂಟಕ್ಕೆ ಹಗ್ಗ ಬಿಗಿದು ನೌಮಾನ ಗುಡ್ಡ ಹತ್ತಿದ. ಸಲಿಕೆ ಊರಿದ. ಹಬೆ ಬುಸುಗುಟ್ಟಿತು. ಬಿಸಿ ಹೊಟ್ಟನ್ನು ಬಾಟಲಿಗೆ ತುಂಬಿ ಮುಚ್ಚಿದ.

ಕಾಲಡಿಯ ಪದರ ಕುಸಿಯಿತು.

“ಎಳೀರೀ!”

ಬಕ್ಕೇಶ್, ರೂಪಶ್ರೀ ಹಗ್ಗ ಜಗ್ಗಿದರು. ಮಂಡಿಯವರೆಗೆ ಹೂತುಹೋಗಿದ್ದ ಕಾಲು ಹೊರಗೆ ಬಂತು. ಬೂಟು ಒಳಗೇ ಉಳಿಯಿತು. ಬಾಟಲಿ ಮಾತ್ರ ಕೈಯಲ್ಲೇ ಇತ್ತು!

ರೂಪಶ್ರೀ ಬಾಟಲಿಯನ್ನು ಡಬ್ಬಿಯ ಬಿಸಿ ಮರಳಲ್ಲಿ ಹೂತಳು.

ವಾಪಸಾಗುವಾಗ ನಡುಹೊಳೆಯಲ್ಲಿ ತೇಲಿ ಬಂದ ದಿಮ್ಮಿ ತೆಪ್ಪಕ್ಕೆ ಬಡಿಯಿತು. ನೀರು ನುಗ್ಗಿ ಗೋಣಿ ತೊಯ್ದು ಜಾರಿತು. ಮುಚ್ಚಳ ಸರಿದು ಒಂದಷ್ಟು ಮರಳು ಚೆಲ್ಲಿತು. ರೂಪಶ್ರೀ ಮುಚ್ಚಳ ಒತ್ತಿ, ಬರಿಗೈಯಲ್ಲೇ ಡಬ್ಬಿಯನ್ನು ಎದೆಗವಚಿಕೊಂಡಳು.

“ಅಕ್ಕಾರ, ಸುಡ್ತೈತೇನ್ರಿ?” ಬಕ್ಕೇಶ್ ಹುಟ್ಟು ಒತ್ತುತ್ತಲೇ ಕೂಗಿದ.

“ಸುಡ್ತೈತೆ!” ನೋವಲ್ಲೂ ಅವಳು ನಕ್ಕುಬಿಟ್ಟಳು. “ಇನ್ನೂ ಸುಡ್ತೈತೆ!”

ಕೆಲವು ದಿನಗಳಲ್ಲಿ ಪ್ರಯೋಗಾಲಯದ ಬಿಸಿ ಪೆಟ್ಟಿಗೆಯೊಳಗೆ ಮಾದರಿ ಹಾಕಿಟ್ಟ ತಿಳಿ ದ್ರಾವಣ ಮಬ್ಬಾಯಿತು. ಜೀವಗಳು ಬೆಳೆದಿದ್ದವು. ಆ ದ್ರಾವಣವನ್ನು ಬಿಸಿ ಗಂಜಿಗೆ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಆರಿದ ಮೇಲೆ ಅಯೋಡಿನ್ ಹನಿಸಿದರು. ಗಂಜಿ ಉಳಿದಿದ್ದರೆ ನೀಲಿಯಾಗಬೇಕು. ನೀಲಿ ಮೂಡಲೇ ಇಲ್ಲ.

“ತಿಂದು ತೇಗ್ಯಾವು!” ನೌಮಾನ ಕುಣಿದ. ರೂಪಶ್ರೀಗೆ ಕಣ್ಣು ತುಂಬಿ ಬಂತು.

ಆ ಸಂಜೆ ಅವಳು ಭಟ್ಟಿಗೆ ಡಬ್ಬಿ ಒಯ್ದಳು. ದಿಲ್ಷಾದ್ ಬೇಗಂ ಎತ್ತಿ ನೋಡಿ ಹುಬ್ಬೇರಿಸಿದರು.

“ಮರಳು ಕಮ್ಮಿ ಐತಲ್ಲ ಬೇಟಿ?”

“ಒಂದೀಟು ಹೊಳೆ ಪಾಲಾತು ಖಾಲಾ. ಜೀವ ಉಳಿದ್ವು.”

ಅವರು ಇನ್ನೂ ಬೊಬ್ಬೆ ಮಾಸದ ಅವಳ ಅಂಗೈ ನೋಡಿದರು. ಮರಳನ್ನು ಬಾಣಲೆಗೆ ಸುರಿದು, ಕಾದ ಮೇಲೆ ಅಕ್ಕಿ ಎರಚಿದರು. ಪಟಪಟನೆ ಅರಳಿದ ಮೊದಲ ಮಂಡಕ್ಕಿಯನ್ನು ಜರಡಿ ಹಿಡಿದು ಅವಳ ಸೆರಗಿಗೇ ಸುರಿದರು.